ಮೇಷ್ಟ್ರ ವಿಷಲ್, ನಮ್ಮ ಪ್ಯಾರಪೆಟ್

ಯೋಗದ ಮಾತು ಬಂದಾಗಲೆಲ್ಲ ನಮ್ಮನೆಯಲ್ಲಿ ಮೇಷ್ಟ್ರ ಕತೆ ಬಂದೇ ಬರುತ್ತದೆ. ಮಗ ಹೇಳಿದರೆ ಅರ್ಧ ನುಂಗುತ್ತಾನೆ. ನಮ್ಮನೆಯವರು ಹೇಳಿದರೆ ಇಲ್ಲದ್ದನ್ನೆಲ್ಲ ಸೇರಿಸುತ್ತಾರೆ. ನೋವು ಪಟ್ಟವಳು ನಾನು ತಾನೇ, ನಾನೇ ಹೇಳುತ್ತೇನೆ, ಕೇಳಿ.

2020ರ ಮಾರ್ಚ್ 22, ಭಾನುವಾರ. ಜನತಾ ಕರ್ಫ್ಯೂ ಅಂತ ಬೆಳಿಗ್ಗೆಯಿಂದ ಯಾರೂ ಗೇಟು ದಾಟಿರಲಿಲ್ಲ. ಸಂಜೆ 5 ಗಂಟೆಗೆ ತಟ್ಟೆ ಬಡಿಯಬೇಕೆಂದು ರಸ್ತೆಯ ಎಲ್ಲರೂ ತಾರಸಿ ಹತ್ತಿದರು. ನಾವಿರೋದು ಜಯನಗರ ಏಳನೇ ಬ್ಲಾಕಿನ ಒಂದು ಅಡ್ಡರಸ್ತೆಯಲ್ಲಿ. 1948ರಲ್ಲಿ ರಾಜಾಜಿ ಅಡಿಗಲ್ಲು ಹಾಕಿದ ಬಡಾವಣೆ ಇದು. ಮೊದಲು ನಕ್ಷೆ ಬರೆದು ಆಮೇಲೆ ಮನೆ ಕಟ್ಟಿದ್ದು. ಹಾಗಾಗಿ ರಸ್ತೆ ನೆಟ್ಟಗಿದೆ, ಮನೆಗಳು ಎದುರುಬದುರು ಸಾಲಾಗಿವೆ. ಆದರೂ ಎದುರು ತಾರಸಿಯಲ್ಲಿ ಬಟ್ಟೆ ಒಣಹಾಕುವವರು ಯಾರು, ಅವರ ಮುಖ ಹೇಗಿದೆ ಅನ್ನೋದು ನನಗೆ ಗೊತ್ತಾಗಿದ್ದು ಅವತ್ತೇ.

ಎಡಗೈಲಿ ತಟ್ಟೆ, ಬಲಗೈಲಿ ಸೌಟು. ಮಿಕ್ಕವರೆಲ್ಲ ತಲೆಯ ಮೇಲೆ ಎತ್ತಿ ಬಡಿಯುತ್ತಿದ್ದರೆ ನನ್ನ ತಟ್ಟೆ ಎದೆಯ ಮಟ್ಟಕ್ಕೆ ಬಂದು ನಿಂತುಬಿಟ್ಟಿತು. ಸಂಕ್ರಾಂತಿಗೂ ಮೊದಲಿನಿಂದ ಎಡ ಹೆಗಲು ಹಿಡಿದುಕೊಂಡಿತ್ತು. ರವಿಕೆಯ ಹುಕ್ಕು, ಜಡೆ, ಅಟ್ಟದ ಮೇಲಿನ ಹುಣಸೆಹಣ್ಣಿನ ಡಬ್ಬ, ಬಿಎಂಟಿಸಿ ಬಸ್ಸಿನ ಮೇಲಿನ ಕಂಬಿ, ಇವಕ್ಕೆಲ್ಲ ಎಡಗೈ ಹೋಗುತ್ತಿರಲಿಲ್ಲ. ರಾತ್ರಿ ನಿದ್ದೆಗಣ್ಣಲ್ಲಿ ಆ ಮಗ್ಗುಲಿಗೆ ಹೊರಳಿದರೆ ಎದ್ದು ಕೂರಬೇಕು. ‘ವಯಸ್ಸಾಯ್ತಲ್ಲ’ ಅಂತ ನನಗೆ ನಾನೇ ಹೇಳಿಕೊಂಡು ದಿನ ನೂಕುತ್ತಿದ್ದೆ. ಮನೆಯವರಿಗೂ ಪೂರ್ತಿ ಹೇಳಿರಲಿಲ್ಲ.

ಎದುರು ಸಾಲಿನ ಮೂಲೆ ಮನೆಯ ತಾರಸಿಯಿಂದ ಮೇಷ್ಟ್ರು ಅದನ್ನು ಕಂಡುಹಿಡಿದರು. ತಟ್ಟೆಗಳ ಸದ್ದು ಅಡಗಿದ್ದೇ ತಡ, ರಸ್ತೆಯಾಚೆಯಿಂದ ಕೂಗಿದರು: “ಏನಮ್ಮಾ, ಆ ಹೆಗಲು ಹಿಡ್ಕೊಂಡು ಎಷ್ಟು ತಿಂಗಳಾಯ್ತು?” ಹೈಸ್ಕೂಲು ಮೈದಾನದ ಆ ತುದಿಯಿಂದ ಈ ತುದಿಗೆ ಕೇಳಿಸುವ ಗಂಟಲು ಅದು. ನನ್ನ ಗುಟ್ಟು ಅವತ್ತು ಇಡೀ ರಸ್ತೆಗೆ ಗೊತ್ತಾಯಿತು.

ಮೇಷ್ಟ್ರು ಅಂದರೆ ಡ್ರಿಲ್ ಮೇಷ್ಟ್ರು. ದಾವಣಗೆರೆ ಕಡೆಯವರು, ಸರ್ಕಾರಿ ಹೈಸ್ಕೂಲಿನಲ್ಲಿ ದುಡಿದು, ನಿವೃತ್ತರಾಗಿ, ಮಗನ ಮನೆಗೆ ಬಂದು ನೆಲೆಸಿದ್ದರು. ಪ್ರತಿದಿನ ಬೆಳಿಗ್ಗೆ ಲಕ್ಷ್ಮಣ್ ರಾವ್ ಪಾರ್ಕಿನಲ್ಲಿ ಹತ್ತಾರು ಜನಕ್ಕೆ ದುಡ್ಡು ತಗೊಳ್ಳದೆ ಆಸನ ಹೇಳಿಕೊಡುತ್ತಿದ್ದರು. ದಕ್ಷಿಣ ಬೆಂಗಳೂರಿನ ಪಾರ್ಕುಗಳಲ್ಲಿ ಇಂಥವರು ಒಬ್ಬಿಬ್ಬರಲ್ಲ. ಬ್ಯಾಂಕಿನಿಂದಲೋ ಎಚ್‌ಎಂಟಿಯಿಂದಲೋ ಶಾಲೆಯಿಂದಲೋ ಬಿಡುವಾದವರು, ಒಂದು ಜಮಖಾನ, ಒಂದು ನೀರಿನ ಬಾಟಲಿ, ಮುಗಿಯಿತು. ನಮ್ಮ ಮೇಷ್ಟ್ರ ವಿಶೇಷ ಅಂದರೆ ಕೊರಳಲ್ಲಿ ಯಾವಾಗಲೂ ನೇತಾಡುವ ವಿಷಲ್.

ಅವರು ಆಸನ ಕಲಿತದ್ದು ಮಲ್ಲಾಡಿಹಳ್ಳಿ ಸ್ವಾಮೀಜಿಯವರ ಶಿಬಿರದಲ್ಲಿ. ಚಿತ್ರದುರ್ಗ ಜಿಲ್ಲೆ ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿ, ಅಲ್ಲಿನ ಅನಾಥ ಸೇವಾಶ್ರಮ, ರಾಘವೇಂದ್ರ ಸ್ವಾಮೀಜಿ. ಈ ಹೆಸರುಗಳು ಈಗಿನ ಹುಡುಗರಿಗೆ ಅಷ್ಟಾಗಿ ಗೊತ್ತಿಲ್ಲ. ‘ತಿರುಕ’ ಅಂತ ಹೆಸರಿಟ್ಟುಕೊಂಡು ಬರೆದವರು, ‘ಜೋಳಿಗೆಯ ಪವಾಡ’ ಅವರ ಆತ್ಮಕಥೆ. 1996ರಲ್ಲಿ ಕಾಲವಾಗುವವರೆಗೂ ಯೋಗ, ಆಯುರ್ವೇದ, ಶಾಲೆ ಅಂತ ಬಾಳಿದರು. ಊರೂರಿಗೆ ಹೋಗಿ ಶಿಬಿರ ಮಾಡಿ ಹಳ್ಳಿಯವರಿಗೆ, ಮೇಷ್ಟ್ರುಗಳಿಗೆ ಆಸನ ಕಲಿಸಿದರು. ಯೋಗ ದುಬಾರಿ ಚಾಪೆಯ ಮೇಲೆ ಬರೋದಕ್ಕೆ ಎಷ್ಟೋ ಮೊದಲೇ ಕರ್ನಾಟಕದ ಸಣ್ಣ ಊರುಗಳಿಗೆ ಅದು ಖಾಕಿ ಚಡ್ಡಿ ತೊಟ್ಟ ಡ್ರಿಲ್ ಮೇಷ್ಟ್ರ ಜೊತೆ ಬಂದಿತ್ತು. ಇದನ್ನು ಯಾರೂ ಅಷ್ಟಾಗಿ ಬರೆಯುವುದಿಲ್ಲ, ಅದಕ್ಕೇ ಇಷ್ಟು ಹೇಳಿದೆ.

ಮಾರ್ಚ್ 25ರಿಂದ ಲಾಕ್‌ಡೌನ್. ಪಾರ್ಕಿಗೆ ಬೀಗ. ಆರ್‌.ವಿ. ರಸ್ತೆಯ ಮೇಲೆ ಮೆಟ್ರೊ ಓಡಾಟ ನಿಂತು, ಬೆಳಿಗ್ಗೆ ಕೋಗಿಲೆ ಕೂಗೋದು ಒಳಗೆ ಅಡುಗೆಮನೆಗೇ ಕೇಳಿಸುತ್ತಿತ್ತು. ಫಿಸಿಯೋಥೆರಪಿಗೆ ಹೋಗೋಣ ಅಂದರೆ ಕ್ಲಿನಿಕ್ಕೂ ಬಾಗಿಲು ಹಾಕಿತ್ತು. ಆದರೆ ಡಾಕ್ಟರು ಫೋನಿನಲ್ಲೇ ರೋಗಿಯನ್ನು ನೋಡಬಹುದು ಅಂತ ಸರ್ಕಾರ ಆಗಲೇ ನಿಯಮ ಮಾಡಿತ್ತು. ಮಗ ಫೋನು ಹಿಡಿದ, ನಾನು ಕೈ ಎತ್ತಿದೆ, ತಿರುಗಿಸಿದೆ, ಬೆನ್ನ ಹಿಂದೆ ಒಯ್ಯಲು ಹೋಗಿ ಅರ್ಧಕ್ಕೇ ನಿಲ್ಲಿಸಿದೆ. ಡಾಕ್ಟರು ಹೇಳಿದ್ದು ಎರಡೇ ಮಾತು: ಫ್ರೋಜನ್ ಶೋಲ್ಡರ್. ಸಕ್ಕರೆ ಕಾಯಿಲೆ ಇದೆಯಲ್ಲ, ಅಂಥವರಿಗೆ ಇದು ಹೆಚ್ಚು. ಅದರಲ್ಲೂ 40 ದಾಟಿದ ಹೆಂಗಸರಿಗೆ. ಬಿಸಿ ಶಾಖ ಕೊಡಿ, ನಿಧಾನಕ್ಕೆ ಅಲ್ಲಾಡಿಸುತ್ತಿರಿ, ಎಳೆಯಬೇಡಿ, ಬಿಡಲು ಒಂದು ವರ್ಷವೂ ಹಿಡಿಯಬಹುದು, ಎರಡೂ ಹಿಡಿಯಬಹುದು.

ಮಾರನೆಯ ಬೆಳಿಗ್ಗೆ ಮೇಷ್ಟ್ರು ತಾರಸಿಯಿಂದ ಕರೆದರು. ಡಾಕ್ಟರು ಹೇಳಿದ್ದನ್ನು ಒಪ್ಪಿಸಿದೆ. “ಸರಿಯಾಗಿ ಹೇಳಿದ್ದಾರೆ. ಪ್ಯಾರಪೆಟ್ ಹತ್ರ ಬನ್ನಿ” ಅಂದರು.

ಅವತ್ತು ಮಾಡಿಸಿದ್ದು ಆಸನ ಅಂತ ನನಗೆ ಅನ್ನಿಸಲೇ ಇಲ್ಲ. ಬಲಗೈ ಪ್ಯಾರಪೆಟ್ ಮೇಲೆ ಊರಿ, ಸ್ವಲ್ಪ ಮುಂದಕ್ಕೆ ಬಾಗಿ, ನೋಯುವ ಎಡಗೈಯನ್ನು ಸುಮ್ಮನೆ ಇಳಿಬಿಡಬೇಕು. “ಕೈ ನಿಮ್ಮದಲ್ಲ ಅಂದ್ಕೊಳ್ಳಿ. ಅದನ್ನ ಎತ್ತಬೇಡಿ, ಮೈ ಮಾತ್ರ ಅಲ್ಲಾಡಿಸಿ, ಕೈ ತಾನೇ ತೂಗಲಿ.” ಹಿಂದೆ ಮುಂದೆ, ಆಮೇಲೆ ಸಣ್ಣ ಸುತ್ತು. ವಿಷಲ್ ಊದಿದರು. ಮುಗಿಯಿತು. ಇಷ್ಟಕ್ಕೇ ಇಷ್ಟು ಗಲಾಟೆಯೇ ಅಂತ ನಮ್ಮತ್ತೆ ನಕ್ಕರು. ಆಮೇಲೆ ಮಗ ಓದಿ ಹೇಳಿದ: ಬಾಸ್ಟನ್ನಿನ ಅರ್ನೆಸ್ಟ್ ಕಾಡ್‌ಮನ್ ಅನ್ನೋ ಸರ್ಜನ್ ಹೆಸರಿನಲ್ಲೇ ಈ ತೂಗಾಟದ ವ್ಯಾಯಾಮ ಇದೆಯಂತೆ. ಫ್ರೋಜನ್ ಶೋಲ್ಡರ್ ಅಂತ ಹೆಸರಿಟ್ಟವರೂ ಅವರೇ, 1934ರಲ್ಲಿ. ಅದನ್ನು ಮೇಷ್ಟ್ರಿಗೆ ಹೇಳಿದರೆ ಅವರು ಕಿವಿ ನಿಮಿರಿಸಿದರು. ಮೈಸೂರಿನ ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ ಕಲಿಸುತ್ತಿದ್ದ ತಿರುಮಲೈ ಕೃಷ್ಣಮಾಚಾರ್ಯರು ‘ಯೋಗ ಮಕರಂದ’ವನ್ನು ಕನ್ನಡದಲ್ಲಿ ಬರೆದದ್ದೂ 1934ರಲ್ಲೇ ಅಂತೆ. “ಅವರೂ ನಮ್ಮ ದುರ್ಗದ ಕಡೆಯವರೇ ಕಣಮ್ಮಾ” ಅಂತ ಸೇರಿಸಿದರು. ಚಿತ್ರದುರ್ಗ ಜಿಲ್ಲೆಯಲ್ಲಿ ಹುಟ್ಟಿದವರನ್ನು ಬಿಟ್ಟುಕೊಡುವ ಆಸಾಮಿಯೇ ಅಲ್ಲ ಅವರು.

ನಿಜವಾದ ಪಾಠ ಶುರುವಾಗಿದ್ದು ಏಪ್ರಿಲ್ ನಡುವಿಗೆ. ಪ್ಯಾರಪೆಟ್ಟಿಗೆ ಎದುರಾಗಿ ನಿಂತು ಎರಡೂ ಅಂಗೈ ಅದರ ಮೇಲೆ, ಹೆಗಲಿನಗಲ ಬಿಟ್ಟು. ಆಮೇಲೆ ಪುಟ್ಟ ಪುಟ್ಟ ಹೆಜ್ಜೆ ಹಿಂದಕ್ಕೆ. ಸೊಂಟದ ಹತ್ತಿರ ಮಡಚಬೇಕು, ಬೆನ್ನಿನ ನಡುವೆ ಅಲ್ಲ. ಮಂಡಿ ಸ್ವಲ್ಪ ಸಡಿಲವಾಗಿದ್ದರೆ ಅಡ್ಡಿಯಿಲ್ಲ. ತಲೆ ಜೋತು ಬೀಳದಂತೆ, ಗದ್ದ ಎತ್ತದಂತೆ, ಎರಡು ತೋಳುಗಳ ನಡುವೆ. ಕೂತಷ್ಟು ಹೊತ್ತು ಗೂನಾಗಿದ್ದ ಬೆನ್ನು ಉದ್ದವಾಗುವುದು, ಕಂಕುಳಿನಿಂದ ಸೊಂಟದವರೆಗೆ ಪಕ್ಕೆ ಬಿಚ್ಚಿಕೊಳ್ಳುವುದು ಗೊತ್ತಾಗುತ್ತದೆ. ಉಸಿರು ಕಟ್ಟಬಾರದು. ವಾಪಸು ಬರುವಾಗ ದಡಕ್ಕನೆ ಏಳದೆ, ಹೆಜ್ಜೆ ಮುಂದಿಟ್ಟುಕೊಂಡೇ ಬರಬೇಕು. ಇದನ್ನು ಅರ್ಧ ಉತ್ತಾನಾಸನ ಅಂತ ಗೋಡೆಯ ಮುಂದೆ ಮಾಡಿಸುತ್ತಾರೆ. ನಮಗೆ ಗೋಡೆಗಿಂತ ಪ್ಯಾರಪೆಟ್ಟೇ ಅನುಕೂಲವಾಯಿತು, ಸೊಂಟದೆತ್ತರಕ್ಕೆ ಸಿಕ್ಕಿತಲ್ಲ.

ನನ್ನ ಕೈ ಅಷ್ಟು ಹೋಗುತ್ತಿರಲಿಲ್ಲ. ಮೇಷ್ಟ್ರು ನನಗೆ ಬೇರೆ ಲೆಕ್ಕ ಹಾಕಿದ್ದರು: ಒಂದೇ ಹೆಜ್ಜೆ ಹಿಂದಕ್ಕೆ, ಒಂದಿಷ್ಟೇ ಬಾಗು, ನಿಲ್ಲು. “ಕೈ ಎತ್ತೋದು ಬರೀ ಕೈ ಕೆಲಸ ಅಲ್ಲಮ್ಮಾ. ಬೆನ್ನ ಮೇಲಿನ ಚಪ್ಪಟೆ ಮೂಳೆ ಇದೆಯಲ್ಲ, ಅದೂ ಜೊತೆಗೆ ತಿರುಗಬೇಕು.” ಇದೂ ಅಂಗರಚನೆಯ ಪುಸ್ತಕದಲ್ಲಿರುವ ಮಾತೇ. ಕೈ ಪೂರ್ತಿ ಮೇಲೆ ಹೋದರೆ 180 ಡಿಗ್ರಿ. ಅದರಲ್ಲಿ ಸುಮಾರು 120 ಹೆಗಲ ಕೀಲಿನದು, ಮಿಕ್ಕ 60 ಆ ಚಪ್ಪಟೆ ಮೂಳೆಯದು. ಕೀಲು ಹಿಡಿದುಕೊಂಡಾಗ ನಾವು ಮೂಳೆಯನ್ನೇ ಕಿವಿಯವರೆಗೆ ಎತ್ತಿ ಕೈ ಹೋಯಿತು ಅಂತ ನಂಬಿಕೊಳ್ಳುತ್ತೇವೆ. ಆಮೇಲೆ ಕತ್ತೂ ನೋಯಲು ಶುರು. ಮೇಷ್ಟ್ರು ಎದುರು ತಾರಸಿಯಿಂದಲೇ “ಕಿವಿ ಬಿಡಿ, ಕಿವಿ ಬಿಡಿ” ಅಂತ ಕೂಗುತ್ತಿದ್ದರು. ದಾರಿಯಲ್ಲಿ ಹಾಲು ತರಲು ಹೋಗುತ್ತಿದ್ದವರು ಏನೆಂದುಕೊಂಡರೋ.

ಎರಡನೆಯ ಶಿಷ್ಯ ನನ್ನ ಮಗ. ಊಟದ ಮೇಜೇ ಅವನ ಆಫೀಸಾಗಿತ್ತು. ಲ್ಯಾಪ್‌ಟಾಪಿನ ಕಡೆಗೆ ಕತ್ತು ಚಾಚಿಕೊಂಡು ಬೆಳಿಗ್ಗೆ 9ಕ್ಕೆ ಕೂತರೆ ರಾತ್ರಿಯವರೆಗೆ. ತಲೆಯ ತೂಕವೇ ಸುಮಾರು 5 ಕಿಲೋ. ನ್ಯೂಯಾರ್ಕಿನ ಬೆನ್ನುಮೂಳೆ ಸರ್ಜನ್ ಕೆನೆತ್ ಹನ್ಸ್‌ರಾಜ್ 2014ರಲ್ಲಿ ಕಂಪ್ಯೂಟರ್ ಮಾದರಿ ಹಾಕಿ ಲೆಕ್ಕ ಮಾಡಿದ ಪ್ರಕಾರ, ಕತ್ತು 60 ಡಿಗ್ರಿ ಬಾಗಿದರೆ ಅದರ ಮೇಲಿನ ಹೊರೆ 27 ಕಿಲೋವರೆಗೆ ಹೋಗುತ್ತದೆ. ಮಾದರಿಯ ಲೆಕ್ಕ ಅದು, ಅಕ್ಷರಶಃ ಹಿಡಿಯಬೇಕಿಲ್ಲ. ಆದರೆ ಸಂಜೆಯ ಹೊತ್ತಿಗೆ ಅವನು ಕತ್ತು ಒತ್ತಿಕೊಳ್ಳುತ್ತಿದ್ದುದನ್ನು ನೋಡಿದವಳು ನಾನು, ಲೆಕ್ಕ ಬೇಕಿರಲಿಲ್ಲ.

ಅವನ ಹಿಂದೆ ಪಕ್ಕದ ಮನೆಯ ಆಂಟಿ, ಅವರ ಸೊಸೆ, ಆಚೆ ಮನೆಯ ಬಾಡಿಗೆಯ ಗಂಡಹೆಂಡತಿ. ಕೊನೆಯ ಕಟ್ಟಡದ ಪಿಜಿಯಲ್ಲಿ ಊರಿಗೆ ಹೋಗಲಾಗದೆ ಉಳಿದಿದ್ದ ಹುಬ್ಬಳ್ಳಿ, ರಾಯಚೂರು ಕಡೆಯ ಹುಡುಗರು. ನೋಡನೋಡುತ್ತ ರಸ್ತೆಯ ಎರಡೂ ಕಡೆ ಜನ ಪ್ಯಾರಪೆಟ್ ಹಿಡಿದು ಬಾಗುವಂತಾಯಿತು. ಒಂದು ವಿಷಲ್‌ಗೆ ಬಾಗಬೇಕು, ಎರಡು ವಿಷಲ್‌ಗೆ ಏಳಬೇಕು. ಅದು ಬೇಸಿಗೆ, ತಾರಸಿಯ ತುಂಬ ಸಂಡಿಗೆ, ಹಪ್ಪಳ. ಸಂಡಿಗೆ ಸೀರೆಗಳ ನಡುವೆ ದಾರಿ ಮಾಡಿಕೊಂಡು ನಿಲ್ಲಬೇಕು. ನಮ್ಮತ್ತೆ ಕಾಗೆ ಓಡಿಸಲು ಕೋಲು ಹಿಡಿದು ಕುರ್ಚಿಯ ಮೇಲೆ ಕೂತಿರುತ್ತಿದ್ದರು.

“ನಾವು ದಿನಾ ರುಬ್ಬುಗುಂಡು ತಿರುಗಿಸ್ತಿದ್ವಿ. ನಮಗ್ಯಾರೂ ವಿಷಲ್ ಊದ್ಲಿಲ್ಲ” ಅಂದರು ಒಂದು ದಿನ. ಹಿಂದಿನವರ ಕೆಲಸವೇ ಯೋಗ ಅನ್ನೋ ಮಾತು ಕೇಳೋದಕ್ಕೆ ಚೆನ್ನ, ನಾನು ಒಪ್ಪುವುದಿಲ್ಲ. ಆ ರುಬ್ಬುಗುಂಡಿನಿಂದಲೇ ಅವರ ಬಲ ಹೆಗಲು ಎಷ್ಟೋ ವರ್ಷ ನೊಂದಿದ್ದು, ರಾತ್ರಿ ಎಣ್ಣೆ ತಿಕ್ಕಿಸಿಕೊಳ್ಳುತ್ತಿದ್ದುದು ನನಗೆ ಗೊತ್ತು. ದುಡಿಮೆಯಲ್ಲಿ ಒಂದೇ ಕಡೆಗೆ, ಒಂದೇ ಥರ ತಿರುಗಿಸಬೇಕು. ಸಾಕಾಯಿತು ಅಂತ ನಿಲ್ಲಿಸುವ ಹಾಗಿಲ್ಲ, ಇಡ್ಲಿಗೆ ಹಿಟ್ಟಾಗಬೇಕಲ್ಲ.

ನಿಲ್ಲಿಸುವುದೇ ಮೇಷ್ಟ್ರ ವಿದ್ಯೆ. ಅವರ ಎರಡನೆಯ ವಿಷಲ್ ಯಾವಾಗಲೂ ಬೇಗ ಬರುತ್ತಿತ್ತು. ಬೆನ್ನು ಇನ್ನೇನು ಹದಕ್ಕೆ ಬಂತು, ಇನ್ನೊಂದು ಚೂರು ಹೋಗೋಣ ಅನ್ನುವಷ್ಟರಲ್ಲಿ ಪೀಪ್ ಪೀಪ್. “ಮೇಷ್ಟ್ರೇ, ಇನ್ನೂ ಶುರುವೇ ಆಗಿಲ್ಲ” ಅಂತ ಆಂಟಿ ಗೊಣಗುವರು. “ಇನ್ನೂ ಬೇಕು ಅನ್ನಿಸ್ತಲ್ಲ, ಅಲ್ಲಿಗೇ ಎಲೆ ಮಡಚಿಬಿಡಬೇಕು ತಾಯಿ. ನಾಳೆ ಹಸಿವಾಗುತ್ತೆ.”

ಪಿಜಿಯ ಒಬ್ಬ ಹುಡುಗನಿಗೆ ಇದು ಸಾಲದು. ಯಾವುದೋ ವಿಡಿಯೋ ನೋಡಿ, ತಲೆಕೆಳಗಾಗಿ ನಿಲ್ಲೋದು, ಹಿಂದಕ್ಕೆ ಬಿಲ್ಲಿನ ಹಾಗೆ ಬಾಗೋದು ಕಲಿಸಿ ಅಂತ ಬೆನ್ನು ಬಿದ್ದ. ಮೇಷ್ಟ್ರು ಅವನಿಗೆ ಬೆಳ್ಳೂರಿನ ಹುಡುಗನ ಕತೆ ಹೇಳಿದರು. ನಡುವೆ ರಸ್ತೆ, ಎರಡೂ ಕಡೆ ನಾವು ಶ್ರೋತೃಗಳು.

ಕೋಲಾರ ಜಿಲ್ಲೆಯ ಬೆಳ್ಳೂರು. 1918ರ ಡಿಸೆಂಬರ್ 14ರಂದು, ಇನ್‌ಫ್ಲುಯೆಂಜಾ ಊರೂರು ಗುಡಿಸುತ್ತಿದ್ದ ವರ್ಷ, ಅಲ್ಲೊಂದು ಬಡ ಮೇಷ್ಟ್ರ ಮನೆಯಲ್ಲಿ ಸುಂದರರಾಜ ಹುಟ್ಟಿದ. ಕಡ್ಡಿ ಮೈ, ಒಂದಾದ ಮೇಲೊಂದು ಜ್ವರ. ಒಂಬತ್ತರ ವಯಸ್ಸಿಗೆ ಅಪ್ಪ ಇಲ್ಲ. ಅಕ್ಕನ ಗಂಡ ಕೃಷ್ಣಮಾಚಾರ್ಯರು ಮೈಸೂರಿಗೆ ಕರೆಸಿಕೊಂಡರು. ಒಮ್ಮೆ ಗಣ್ಯರ ಮುಂದೆ ಹನುಮಾನಾಸನ ಮಾಡಿ ತೋರಿಸು ಅಂದರು. ಒಂದು ಕಾಲು ಮುಂದೆ, ಒಂದು ಹಿಂದೆ, ನೆಲಕ್ಕೆ ಪೂರ್ತಿ ಚಾಚಿ ಕೂರೋದು. ಹುಡುಗನಿಗೆ ಅಭ್ಯಾಸವೇ ಇಲ್ಲ. ಗುರುವಿನ ಭಯಕ್ಕೆ ಮಾಡಿದ. ತೊಡೆಯ ಹಿಂದಿನ ಸ್ನಾಯು ಹರಿಯಿತು. ಬಹಳ ಕಾಲ ಸರಿಯಾಗಿ ನಡೆಯಲಾಗಲಿಲ್ಲ. ಮುಂದೆ ಪುಣೆಗೆ ಹೋಗಿ, ಜಗತ್ತಿಗೆ ಬಿ.ಕೆ.ಎಸ್. ಅಯ್ಯಂಗಾರ್ ಅಂತ ಗೊತ್ತಾದವರು ಅವರೇ. ಮರದ ಇಟ್ಟಿಗೆ, ಬೆಲ್ಟು, ಕುರ್ಚಿ, ಗೋಡೆಗೆ ಹಗ್ಗ, ಎಲ್ಲ ಇಟ್ಟುಕೊಂಡು, ಬಾಗಲಾರದ ವಯಸ್ಸಾದವರಿಗೂ ರೋಗಿಗಳಿಗೂ ಆಸನ ಒದಗುವ ಹಾಗೆ ಮಾಡಿದವರೂ ಅವರೇ. “ಮೈ ಹರಿದುಕೊಂಡವನಿಗೆ ಮಾತ್ರ ಆ ಇಟ್ಟಿಗೆ ಬೆಲೆ ಗೊತ್ತಪ್ಪಾ” ಅಂದರು ಮೇಷ್ಟ್ರು. “ನಿನಗೆ ಸದ್ಯಕ್ಕೆ ಪ್ಯಾರಪೆಟ್ಟೇ ಇಟ್ಟಿಗೆ. ಹಿಡ್ಕೋ.” ಹುಡುಗ ಹಿಡಿದುಕೊಂಡ.

ಮೇ 19ರಿಂದ ಬೆಳಿಗ್ಗೆ 7ರಿಂದ 9, ಸಂಜೆ 5ರಿಂದ 7 ಪಾರ್ಕು ತೆರೆದರು. ಕೆಲವರು ಹೋದರು. ನಮ್ಮ ರಸ್ತೆಯವರು ತಾರಸಿ ಬಿಡಲಿಲ್ಲ.

ಜೂನ್ 21 ಬಂತು. 2015ರಿಂದ ಅದು ಯೋಗ ದಿನ. ಆ ವರ್ಷ ದೊಡ್ಡ ಸಭೆ ಮೈದಾನ ಒಂದೂ ಇಲ್ಲ, ಮನೆಯಲ್ಲೇ ಮನೆಯವರ ಜೊತೆ ಮಾಡಿ ಅಂತ ಸರ್ಕಾರವೇ ಹೇಳಿತ್ತು. ಭಾನುವಾರ ಬೇರೆ. ಅದರ ಮೇಲೆ ಸೂರ್ಯಗ್ರಹಣ! ಉತ್ತರ ಭಾರತದಲ್ಲಿ ಕಂಕಣ, ನಮಗೆ ಖಂಡಗ್ರಾಸ, ಬೆಳಿಗ್ಗೆ 10 ಗಂಟೆ ದಾಟಿದ ಮೇಲೆ ಸ್ಪರ್ಶ. ನಮ್ಮತ್ತೆ ಹಿಂದಿನ ರಾತ್ರಿಯೇ ನೀರಿನ ಕೊಡಕ್ಕೆ, ಉಪ್ಪಿನಕಾಯಿ ಜಾಡಿಗೆ ದರ್ಭೆ ಹಾಕಿಸಿ, ಬೆಳಿಗ್ಗೆ ಯಾರೂ ಏನೂ ತಿನ್ನುವ ಹಾಗಿಲ್ಲ ಅಂತ ಆಜ್ಞೆ ಮಾಡಿದ್ದರು. ಸಕ್ಕರೆ ಕಾಯಿಲೆಯ ಸೊಸೆಗೆ ಮಾತ್ರ ಗುಟ್ಟಾಗಿ ರಿಯಾಯಿತಿ. ಮೇಷ್ಟ್ರಿಗೆ ಖುಷಿಯೋ ಖುಷಿ. ವರ್ಷಾನುಗಟ್ಟಲೆ ಖಾಲಿ ಹೊಟ್ಟೆಯಲ್ಲಿ ಬನ್ನಿ ಅಂತ ಬಡಕೊಂಡರೂ ಕಾಫಿ ಕುಡಿದೇ ಬರುತ್ತಿದ್ದ ಜನ ಅವತ್ತು ಒಂದು ಗುಟುಕೂ ಕುಡಿಯದೆ 6 ಗಂಟೆಗೆ ಹಾಜರು.

ಆವರೆಗೂ ಬಾರದಿದ್ದವರೂ ಮೇಲೆ ಬಂದಿದ್ದರು. ನಮ್ಮನೆಯವರು ಸಹ, ಅವರು ಮಾಡಿದ್ದು ಫೋಟೋ ತೆಗೆಯೋ ಆಸನ ಮಾತ್ರ. ಮೊದಲು ತಾಡಾಸನ, ಬೆರಳು ಹೆಣೆದು ಕೈ ಮೇಲಕ್ಕೆ. ನನ್ನ ಎಡಗೈ ಹಣೆಯ ಮೇಲಕ್ಕೆ ಬಂದಿತ್ತು, ಅಷ್ಟೇ, ಕಿವಿ ಪಕ್ಕಕ್ಕೆ ಇನ್ನೂ ಬಂದಿರಲಿಲ್ಲ. ಆಮೇಲೆ ಪ್ಯಾರಪೆಟ್. ಒಂದು ವಿಷಲ್. ರಸ್ತೆಗೆ ರಸ್ತೆಯೇ ಬಾಗಿತು.

ಎರಡನೆಯ ವಿಷಲ್ ಬರಲಿಲ್ಲ.

ಒಂದು ಉಸಿರು, ಎರಡು ಉಸಿರು, ಐದು. ನನಗೆ ಮೊದಲು ಖುಷಿ, ಅವತ್ತಾದರೂ ಮನಸ್ಸು ತುಂಬುವಷ್ಟು ಬಿಟ್ಟರಲ್ಲ ಅಂತ. ಆಮೇಲೆ ಗಾಬರಿ. ವಯಸ್ಸಾದವರು, ಬೇರೆ ದಿನಗಳೂ ಅಲ್ಲ ಅವು. ಹೆಗಲು ‘ಸಾಕು’ ಅಂದಿತು. ಹೆಜ್ಜೆ ಮುಂದಿಟ್ಟು ನಿಧಾನಕ್ಕೆ ಎದ್ದೆ. ನೋಡಿದರೆ ಎಲ್ಲರೂ ಹಾಗೇ ಏಳುತ್ತಿದ್ದಾರೆ, ಒಬ್ಬೊಬ್ಬರೂ ಅವರವರ ಹೊತ್ತಿಗೆ. ಆಂಟಿ ಆಗಲೇ ಎದ್ದು ಸೆರಗು ಸರಿಮಾಡಿಕೊಳ್ಳುತ್ತಿದ್ದರು. ಮಗ ಇನ್ನೂ ಬಾಗಿದ್ದ. ಪಿಜಿಯ ಆ ಹುಡುಗನೂ, ಯಾರಿಗೂ ಪೈಪೋಟಿ ಕೊಡದೆ, ಮಂಡಿ ಸಡಿಲಿಸಿ ಮೇಲಕ್ಕೆ ಬರುತ್ತಿದ್ದ. ಮೇಷ್ಟ್ರು ತಮ್ಮ ಪ್ಯಾರಪೆಟ್ಟಿನ ಹಿಂದೆ ಕೈ ಕಟ್ಟಿಕೊಂಡು ಒಬ್ಬೊಬ್ಬರನ್ನೇ ನೋಡುತ್ತ ನಿಂತಿದ್ದರು.

“ಏನಾಯ್ತು ಮೇಷ್ಟ್ರೇ?” ಅಂತ ಕೂಗಿದೆ.

“ವಿಷಲ್ ಒಳಗಿನ ಗುಂಡು ಸಿಕ್ಕಾಕ್ಕೊಂಡ್ತಮ್ಮಾ” ಅಂದರು.

ನಾನು ನಂಬಿಲ್ಲ. ಮಗ ನಂಬುತ್ತಾನೆ. ಮುಂದಿನ ದಿನ ಅದೇ ವಿಷಲ್ ಚೆನ್ನಾಗಿಯೇ ಊದಿತು, ಬೇಗವೇ ಊದಿತು.

ಗ್ರಹಣ ಬಿಟ್ಟ ಮೇಲೆ ತಲೆಗೆ ಸ್ನಾನ ಮಾಡಿ, ಅತ್ತೆ ಮಾಡಿಸಿದ ಬಿಸಿ ಅನ್ನ ತಿಳಿಸಾರು ಉಂಡೆವು. ಜುಲೈಯಲ್ಲಿ ಬೆಂಗಳೂರಿಗೆ ಮತ್ತೊಂದು ವಾರದ ಲಾಕ್‌ಡೌನ್ ಆಯಿತು, ಮಳೆ ಹಿಡಿಯಿತು, ತಾರಸಿ ಪಾಚಿಗಟ್ಟಿ ಜಾರತೊಡಗಿತು. ಪಿಜಿಯ ಹುಡುಗರು ಊರಿಗೆ ಹೋದರು. ಸೆಪ್ಟೆಂಬರಿನಲ್ಲಿ ಮೆಟ್ರೊ ಓಡಿತು. ಮೇಷ್ಟ್ರು ಮರುವರ್ಷ ಮಗಳ ಹತ್ತಿರ ಮೈಸೂರಿಗೆ ಹೋದವರು ಅಲ್ಲೇ ಇದ್ದಾರೆ, ಅಲ್ಲೂ ಒಂದು ಪಾರ್ಕು ಹಿಡಿದಿದ್ದಾರಂತೆ.

ಹೆಗಲು? ಬಿಟ್ಟಿತು. ಮಾರನೆಯ ವರ್ಷದ ಯುಗಾದಿಗೆ ಅಟ್ಟದ ಡಬ್ಬ ನಾನೇ ಇಳಿಸಿದೆ. ಪ್ಯಾರಪೆಟ್ಟಿನಿಂದಲೇ ವಾಸಿಯಾಯಿತು ಅಂತ ನಾನು ಹೇಳುವುದಿಲ್ಲ. ಫ್ರೋಜನ್ ಶೋಲ್ಡರ್ ಬಹಳ ಜನಕ್ಕೆ ಕಾಲ ಕಳೆದ ಹಾಗೆ ತಾನಾಗಿಯೂ ಸಡಿಲವಾಗುತ್ತದೆ, ಡಾಕ್ಟರು ಅದನ್ನು ಮೊದಲೇ ಹೇಳಿದ್ದರು. ಆ ಕಾಲವನ್ನು ಕೈ ಕಟ್ಟಿಕೊಂಡು ಕಳೆಯುವುದನ್ನು ತಪ್ಪಿಸಿದ್ದು ಮೇಷ್ಟ್ರು. ಮಗನ ಕತ್ತಿನ ವಿಷಯದಲ್ಲಿ ಮಾತ್ರ ನನಗೆ ಅನುಮಾನವಿಲ್ಲ. ಈಗಲೂ ಆಫೀಸಿನ ಫೋನು ಮುಗಿದ ಕೂಡಲೇ ಅಡುಗೆಮನೆಯ ಕಟ್ಟೆ ಹಿಡಿದು ಬಾಗುತ್ತಾನೆ, ನಾನು ಒಗ್ಗರಣೆ ಹಾಕಲು ಜಾಗವಿಲ್ಲದ ಹಾಗೆ.

ನೀವೂ ಮಾಡಿ ನೋಡುವುದಾದರೆ ಎರಡು ಮಾತು. ರಕ್ತದೊತ್ತಡ, ತಲೆಸುತ್ತು ಇರುವವರು, ಹೆಗಲು ಬೆನ್ನಿಗೆ ಆಪರೇಷನ್ ಆದವರು, ಕೈಬೆರಳು ಜೋಮು ಹಿಡಿಯುವವರು ಮೊದಲು ಡಾಕ್ಟರನ್ನು ಕೇಳಿ. ಆಮೇಲೆ ಪ್ಯಾರಪೆಟ್ ಗಟ್ಟಿಯಿದೆಯೇ ಅಂತ ಒಮ್ಮೆ ಅಲ್ಲಾಡಿಸಿ ನೋಡಿ. ಹಳೆಯ ಮನೆಗಳ ಪ್ಯಾರಪೆಟ್ ನಂಬುವ ಹಾಗಿಲ್ಲ. ಅನುಮಾನ ಬಂದರೆ ಅಡುಗೆಮನೆಯ ಕಟ್ಟೆಯೇ ವಾಸಿ.